ಒಂದೇ ಸಲ ನೆನೆಸಿ ಹುಡಿ ಎಸೆಯಬೇಡಿ

ಕಾಸರಗೋಡಿನ ಮುರಕಲ್ಲು ಪಾರೆಗಳ ಪಳ್ಳಗಳು, ಅಂದರೆ ಮಳೆನೀರಿನ ಹೊಂಡಗಳು, ಜೂನ್‌ನಲ್ಲಿ ತುಂಬಿ, ಅಕ್ಟೋಬರ್–ನವೆಂಬರಿನ ತುಲಾಮಳೆ ಕಳೆದ ಮೇಲೆ ಬತ್ತುತ್ತವೆ. ಜಾಂಜಿಬಾರಿನ ನೊಥೊಬ್ರಾಂಕಿಯಸ್ ಗುಂಥೇರಿ ಎಂಬ ಕಿಲ್ಲಿ ಮೀನು ಬದುಕುವುದೂ ಬತ್ತುವ ಗುಂಡಿಗಳಲ್ಲೇ. ನೀರಾರಿದಾಗ ಮೀನೆಲ್ಲ ಸಾಯುತ್ತದೆ, ಕೆಸರಿನಲ್ಲಿ ಮೊಟ್ಟೆ ಉಳಿಯುತ್ತದೆ. ಇದನ್ನು ಸಾಕುವುದೆಂದರೆ ಆ ಬೇಸಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು.

20 ಲೀಟರ್ ತೊಟ್ಟಿಗೆ ಒಂದು ಗಂಡು, ಎರಡು ಹೆಣ್ಣು ಬಿಡುತ್ತೇನೆ. ತಳದಲ್ಲಿ ಐಸ್‌ಕ್ರೀಂ ಡಬ್ಬಿ, ಅದರಲ್ಲಿ 3 ಸೆಂ.ಮೀ. ತೆಂಗಿನ ನಾರಿನ ಹುಡಿ. ಹುಡಿ ನಮ್ಮಲ್ಲಿ ಧಾರಾಳ, ಆದರೆ ಹಿನ್ನೀರಿನಲ್ಲಿ ಕೊಳೆಹಾಕಿದ ನಾರಿನದ್ದಾದರೆ ಅದರ ಉಪ್ಪು ಸುಲಭಕ್ಕೆ ಹೋಗುವುದಿಲ್ಲ. ಎರಡು ಸಲ ಕುದಿಸಿ, ಚಹಾ ಬಣ್ಣ ತಿಳಿಯಾಗುವವರೆಗೆ ನೀರು ಬದಲಾಯಿಸಬೇಕು. ಮೀನು ಮೊಟ್ಟೆಯಿಡುವುದು ಈ ಹುಡಿಯಲ್ಲೇ. ಹತ್ತು ದಿನಕ್ಕೊಮ್ಮೆ ಹುಡಿ ತೆಗೆದು ಹಿಂಡಿ, ಪೇಪರ್ ಮೇಲೆ ಹರಡುತ್ತೇನೆ. ಹದ ಎಷ್ಟೆಂದರೆ, ಬೀಡಿ ಕಟ್ಟುವ ಹೊಗೆಸೊಪ್ಪಿನಷ್ಟು: ಮುಷ್ಟಿಯಲ್ಲಿ ಒತ್ತಿದರೆ ಅಂಟಬೇಕು, ನೀರು ಜಿನುಗಬಾರದು. ಆಟಿ ತಿಂಗಳ ಮಳೆಗಾಲದಲ್ಲಿ ಈ ಹದಕ್ಕೆ ಬರಲು ಒಂದು ರಾತ್ರಿಯಾದರೂ ಬೇಕು. ಅವಸರಪಟ್ಟರೆ ಬೂಷ್ಟು ಖಂಡಿತ. ಚೀಲ ಕಟ್ಟಿ, ತಾರೀಖು ಬರೆದು, 24–26 ಡಿಗ್ರಿಯಲ್ಲಿ ಸುಮಾರು ಮೂರು ತಿಂಗಳು.

ತಾರೀಖನ್ನೇ ನಂಬಿ ಕೂರಬೇಡಿ. ಮೊಟ್ಟೆಯೊಳಗಿನ ಬೆಳವಣಿಗೆ ಮೂರು ಕಡೆ ನಿಲ್ಲಬಹುದು: ಭ್ರೂಣ ರೂಪುಗೊಳ್ಳುವ ಮೊದಲು, ಅರ್ಧ ಬೆಳೆದಾಗ, ಪೂರ್ತಿ ಮರಿಯಾಗಿ ಚಿಪ್ಪಿನೊಳಗೇ ಕಾಯುವಾಗ. ಇದಕ್ಕೆ ಡಯಪಾಸ್ ಎನ್ನುತ್ತಾರೆ. ಸೆಕೆಗೆ ಹಲವು ಮೊಟ್ಟೆಗಳು ಎರಡನೇ ತಂಗುದಾಣ ಹಾರಿಸಿ ಮುಂದೆ ಹೋಗುತ್ತವೆ, ತಂಪಿದ್ದರೆ ಅಲ್ಲೇ ಕೂರುತ್ತವೆ. ಒಂದೇ ತಾಯಿ ಒಂದೇ ದಿನ ಇಟ್ಟವೂ ಒಟ್ಟಿಗೆ ಏಳುವುದಿಲ್ಲ. ಏಳಬಾರದು ಕೂಡ, ಮೊದಲ ಹುಸಿಮಳೆಗೇ ಎಲ್ಲ ಒಡೆದು, ಗುಂಡಿ ಮತ್ತೆ ಬತ್ತಿದರೆ ಅಲ್ಲಿಗೆ ಸಂತತಿ ಮುಗಿಯಿತು.

ಹಾಗಾಗಿ 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಮೊಟ್ಟೆ ಒಂದು ಮಿಲಿಮೀಟರಿನಷ್ಟೇ. ಬಿಳಿಚಿದ್ದು ಸತ್ತದ್ದು. ಜೇನಿನ ಬಣ್ಣದ್ದು ಇನ್ನೂ ಮಲಗಿದೆ. ಕಪ್ಪು ಕಣ್ಣು, ಸುತ್ತ ಚಿನ್ನದ ಬಳೆ ಕಂಡರೆ ಸಿದ್ಧ. ಹೆಚ್ಚಿನವು ಹೀಗಾದಾಗ ನೆನೆಸುತ್ತೇನೆ. ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ನೀರಿನ ಬಿಲದ) ನೀರು ಮೃದು, ಒಳ್ಳೆಯದೇ, ಆದರೆ ತಂಪು ಸಾಲದು. ಫ್ರಿಜ್‌ನಲ್ಲಿಟ್ಟು 18–20 ಡಿಗ್ರಿಗೆ ಇಳಿಸಿ, 5 ಸೆಂ.ಮೀ. ಆಳಕ್ಕೆ ಹೊಯ್ಯುವುದು. ಕೆಲವು ಗಂಟೆಗಳಲ್ಲಿ ಮರಿ ಈಜುತ್ತದೆ, ಅಂದೇ ಆರ್ಟೀಮಿಯಾ ಎಂಬ ಸಣ್ಣ ಉಪ್ಪುನೀರಿನ ಸಿಗಡಿಯ ಮರಿ ತಿನ್ನುತ್ತದೆ. ತಳದಲ್ಲಿ ಹೊಟ್ಟೆ ಎಳೆಯುತ್ತಾ ಕುಪ್ಪಳಿಸುವವಕ್ಕೆ ಗಾಳಿಚೀಲ ತುಂಬಿಲ್ಲ. ತೀರಾ ಬೇಗ ಅಥವಾ ತೀರಾ ತಡವಾಗಿ ನೆನೆಸಿದರೆ ಇಂಥವು ಹೆಚ್ಚು, ಸರಿಹೋಗುವುದು ಅಪರೂಪ.

ಮರಿ ತೆಗೆದ ಹುಡಿಯನ್ನು ಮತ್ತೆ ಹಿಂಡಿ, ಕಟ್ಟಿ, 3–4 ವಾರ ಬಿಟ್ಟು ನೆನೆಸಿ. ಆಮೇಲೆ ಇನ್ನೊಂದು ಸಲ. ಕೊನೆಗೆ ಎಸೆಯುವ ಹುಡಿಗೆ ಕುದಿಯುವ ನೀರು ಹೊಯ್ದೇ ಎಸೆಯಿರಿ. ಮಲಗಿರುವ ಮೊಟ್ಟೆ ಒಂದೂ ನಮ್ಮ ಪಳ್ಳ ಸೇರುವುದು ಬೇಡ.