ಟಾನ್ಸಿಲ್ ಊದಿದೆಯೇ? ಗಾತ್ರ ಬಿಡಿ, ರಾತ್ರಿಯ ಉಸಿರು ಗಮನಿಸಿ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಬಾಗಿಲು ಕಿಟಕಿ ಮುಚ್ಚಿ ಮನೆಮಂದಿಯೆಲ್ಲ ಒಂದೇ ಕಡೆ ಸೇರುತ್ತಾರೆ. ಒಬ್ಬರ ನೆಗಡಿ ಎಲ್ಲರಿಗೂ ಅಂಟುತ್ತದೆ, ಮಕ್ಕಳ ಗಂಟಲು ಕಟ್ಟುತ್ತದೆ. ಆದರೆ ಟಾನ್ಸಿಲ್, ಅಂದರೆ ಗಂಟಲಿನ ಹಿಂದೆ ಎರಡು ಬದಿಗಿರುವ ಗಂಟು, ದೊಡ್ಡದಿದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ. 3ರಿಂದ 7 ವರ್ಷದವರಲ್ಲಿ ಅದು ದೊಡ್ಡದೇ ಇರುತ್ತದೆ, ಬೆಳೆದಂತೆ ಕುಗ್ಗುತ್ತದೆ.

ನೋಡುವುದು ಹೀಗೆ: ಮಗುವನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ, 'ಆ' ಎನ್ನಿಸಿ, ಟಾರ್ಚ್ ಬಿಡಿ. ಕಾಣದಿದ್ದರೆ ಚಮಚದ ಹಿಡಿಯಿಂದ ನಾಲಿಗೆಯ ಮುಂಭಾಗವನ್ನಷ್ಟೇ ಮೆಲ್ಲಗೆ ಒತ್ತಿ. ಹಿಂದಕ್ಕೆ ಒತ್ತಿದರೆ ಓಕರಿಕೆ ಬರುತ್ತದೆ; ಆ ಕ್ಷಣ ಎರಡೂ ಟಾನ್ಸಿಲ್ ನಡುವಿಗೆ ನುಗ್ಗಿ, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಜೊಲ್ಲು ಸುರಿಯುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರು ಕಷ್ಟವಾಗಿದ್ದರೆ ಚಮಚ ಹಾಕಲೇಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಮಗು ಮಲಗಿದ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ಕೇಳಿ. ಜೋರು ಗೊರಕೆ, ನಡುವೆ ಉಸಿರು ನಿಂತು ಮತ್ತೆ ಏದುಸಿರು, ಕತ್ತು ಹಿಂದಕ್ಕೆ ಚಾಚಿ ಮಲಗುವುದು ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿ ಇಎನ್‌ಟಿ (ಕಿವಿ, ಮೂಗು, ಗಂಟಲು) ವೈದ್ಯರಿಗೆ ತೋರಿಸಿ. ಎಚ್ಚರವಿರುವ ಮಗುವಿನಲ್ಲಿ ಇದು ಅವರಿಗೆ ಕಾಣಿಸದು.

ಜ್ವರ, ನೋವಿಗೆ ಪ್ಯಾರಾಸಿಟಮಾಲ್: ತೂಕದ ಪ್ರತಿ ಕಿಲೋಗೆ 10–15 ಮಿ.ಗ್ರಾಂ, 6 ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲ ಮೀರದಂತೆ. 5 ಮಿ.ಲೀ.ಗೆ 125 ಮತ್ತು 250 ಮಿ.ಗ್ರಾಂ ಎಂದು ಎರಡು ಬಗೆಯ ಸಿರಪ್ ಇವೆ. ಎಡವಟ್ಟಾಗುವುದು ಇಲ್ಲೇ, ಬಾಟಲಿ ಓದಿ. ಬಾಯಿ ಮುಕ್ಕಳಿಸಲು ಬರುವ ಮಕ್ಕಳಿಗೆ ಲೋಟ ಬೆಚ್ಚನೆಯ ನೀರಿಗೆ ಅರ್ಧ ಟೀ ಚಮಚ ಉಪ್ಪು. ತೋಟದ ಜೇನು ಚೆನ್ನ, ಆದರೆ ಒಂದು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ. ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಮೂರನೇ ದಿನ ನೋವು ಹೋಯಿತೆಂದು ನಿಲ್ಲಿಸಬೇಡಿ. ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದ ಸೋಂಕು ಪೂರ್ತಿ ಹೋಗದಿದ್ದರೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಡಬಹುದು.

ಪ್ರತಿ ಸಲದ ಗಂಟಲು ನೋವನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿ. ವರ್ಷಕ್ಕೆ 7, ಅಥವಾ ಎರಡು ವರ್ಷ ತಲಾ 5, ಅಥವಾ ಮೂರು ವರ್ಷ ತಲಾ 3 ಸಲ ಜೋರಾಗಿ ಬಂದಿದ್ದರೆ ಟಾನ್ಸಿಲ್ ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು. ಉಸಿರು ಕಟ್ಟುತ್ತಿದ್ದರೆ ಈ ಲೆಕ್ಕಕ್ಕೆ ಕಾಯಬೇಕಿಲ್ಲ.

ದೊಡ್ಡವರಲ್ಲಿ ಒಂದೇ ಬದಿಯ ಟಾನ್ಸಿಲ್ ಊದಿ ಇಳಿಯದಿದ್ದರೆ ತಡಮಾಡದೆ ತೋರಿಸಿ; ಕ್ಯಾನ್ಸರ್ ಗಡ್ಡೆ ಅಲ್ಲವೆಂದು ಖಚಿತವಾಗಬೇಕು.

ಶಸ್ತ್ರಚಿಕಿತ್ಸೆಯ ನಂತರ ಗಂಟಲಲ್ಲಿ ಕಾಣುವ ಬಿಳಿ ಪದರ ಕೀವಲ್ಲ, ಗಾಯ ಮಾಯುವ ಬಗೆ. ಗಂಜಿ, ತಣ್ಣನೆಯ ಹಾಲು ಕೊಡಿ. ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ), ಕರಿಮೆಣಸು ಎರಡು ವಾರ ದೂರವಿರಲಿ. ನೀರು ಕಡಿಮೆಯಾದರೆ ನೋವು ಹೆಚ್ಚು. ಮೊದಲ ದಿನ ಮತ್ತು 5ರಿಂದ 10ನೇ ದಿನದೊಳಗೆ ರಕ್ತ ಬರುವ ಭಯವಿದೆ. ಭಾಗಮಂಡಲದಾಚೆ, ಆಸ್ಪತ್ರೆಯಿಂದ ದೂರವಿರುವವರು ಅಷ್ಟು ದಿನ ಮಡಿಕೇರಿಯ ನೆಂಟರ ಮನೆಯಲ್ಲಿರುವುದು ಲೇಸು. ಕೆಂಪು ರಕ್ತ ಒಂದು ಚಮಚ ಕಂಡರೂ ಬೆಳಗಾಗಲೆಂದು ಕಾಯದೆ ಹೊರಡಿ.