ಅಂಟಿಕೊಂಡ ಕೋಶಕೇಂದ್ರಗಳನ್ನು ಬಿಡಿಸಿದ ಕಥೆ

ಇಪ್ಪತ್ತೇಳು ಚಿತ್ರ ಇಟ್ಟುಕೊಂಡು ಡೀಪ್ ಲರ್ನಿಂಗ್‌ಗೆ ಹೊರಟಿದ್ದೀರಾ ಎಂದು ನಕ್ಕವರಲ್ಲಿ ನನ್ನ ಪಕ್ಕದ ಮೇಜಿನವರೂ ಇದ್ದರು. 2015ರಲ್ಲಿ ಯು-ನೆಟ್ (ಚಿತ್ರದಲ್ಲಿ ಬೇಕಾದ ಭಾಗವನ್ನು ಪಿಕ್ಸೆಲ್ ಪಿಕ್ಸೆಲ್ ಆಗಿ ಬೇರ್ಪಡಿಸುವ ನರಜಾಲ) ಹೆಸರು ಮಾಡಿದ್ದೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ 30 ಚಿತ್ರಗಳಿಂದ ಎಂಬುದು ಅವರಿಗೆ ಮರೆತುಹೋಗಿತ್ತು. ಈಗ ಅದೇ ಹಳೆಯ ಯು-ನೆಟ್ ನಮ್ಮ ಸ್ತನ ಅಂಗಾಂಶದ ಸ್ಲೈಡುಗಳಲ್ಲಿ ಕೋಶಕೇಂದ್ರ ಎಣಿಸುತ್ತಿದೆ.

ಮೊದಲ ಸಲ ಡೈಸ್ (ಯಂತ್ರ ಗುರುತಿಸಿದ ಜಾಗ ಮನುಷ್ಯರು ಗುರುತಿಸಿದ್ದಕ್ಕೆ ಎಷ್ಟು ಹೊಂದುತ್ತದೆ ಎನ್ನುವ ಅಂಕ, ಪೂರ್ತಿ ಹೊಂದಿದರೆ 1) 0.93 ಬಂದಾಗ ಎಲ್ಲರಿಗೂ ಮೈಸೂರು ಪಾಕ್ ಹಂಚಿದೆ. ಮೂರು ದಿನದ ನಂತರ ತಿಳಿಯಿತು: ಒಬ್ಬರೇ ರೋಗಿಯ ಪ್ಯಾಚುಗಳು (ಸ್ಲೈಡಿನ ಚಿತ್ರದಿಂದ ಕತ್ತರಿಸಿದ ತುಣುಕುಗಳು) ತರಬೇತಿಯಲ್ಲೂ ಪರೀಕ್ಷೆಯಲ್ಲೂ ಸೇರಿಕೊಂಡಿದ್ದವು. ರೋಗಿವಾರು ಬೇರ್ಪಡಿಸಿದ ಮೇಲೆ ಅಂಕ 0.74ಕ್ಕೆ ಕುಸಿಯಿತು. ಮೈಸೂರು ಪಾಕ್ ದಂಡ.

ದುಡ್ಡು ಹೋದದ್ದು ಗುರುತು ಹಾಕಿಸುವುದರಲ್ಲಿ. ಕೋಶಕೇಂದ್ರವೊಂದಕ್ಕೆ ಎರಡು ರೂಪಾಯಿಯಂತೆ ಇಬ್ಬರು ವಿದ್ಯಾರ್ಥಿಗಳಿಂದ ಒಂಬತ್ತು ಸಾವಿರದಷ್ಟಕ್ಕೆ ಗೆರೆ ಎಳೆಸಿದೆವು. ಮೊದಲ ಮೂರು ಸಾವಿರ ಕಸಕ್ಕೆ ಹೋಯಿತು. ಒಬ್ಬ ಅಂಚಿನ ಒಳಗೆ ಗೆರೆ ಎಳೆದಿದ್ದ, ಇನ್ನೊಬ್ಬಳು ಹೊರಗೆ. ತಪ್ಪು ಅವರದಲ್ಲ, ನಾನು ಹೇಳಿಕೊಟ್ಟಿರಲಿಲ್ಲ. ತರಬೇತಿಗೆ ಬಾಡಿಗೆಗೆ ಪಡೆದ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬಂದ್ ಮಾಡದೆ ಶುಕ್ರವಾರ ಮನೆಗೆ ಹೋದದ್ದಕ್ಕೆ ಐದಾರು ಸಾವಿರ ಬೇರೆ. ಆ ಸೋಮವಾರವೇ ಹಳೆಯ 1080 ಟಿಐ ಕಾರ್ಡೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ, ಇಪ್ಪತ್ತೆರಡು ಸಾವಿರವೋ ಏನೋ.

ನಿಜವಾದ ಪೆಟ್ಟು ಕೊಟ್ಟವರು ನಮ್ಮ ಪ್ಯಾಥಾಲಜಿ ಮೇಡಂ. "ನಿಮ್ಮ ಅಂಕ ಎಷ್ಟಾದರೂ ಇರಲಿ ಸರ್, ಇಲ್ಲಿ ನನಗೆ ಐದು ಕಾಣುತ್ತವೆ, ನಿಮ್ಮ ಯಂತ್ರಕ್ಕೆ ಎರಡೇ" ಎಂದರು. ಅಂಟಿಕೊಂಡ ಕೇಂದ್ರಗಳು ಒಂದಾಗಿಬಿಟ್ಟರೂ ಡೈಸ್‌ಗೆ ಅಷ್ಟೇನೂ ನೋವಾಗುವುದಿಲ್ಲ. ಮೂಲ ಯು-ನೆಟ್‌ನ ತೂಕದ ನಕ್ಷೆ (ಅಂಟಿಕೊಂಡವುಗಳ ನಡುವಿನ ಸಂದಿಯಲ್ಲಿ ತಪ್ಪಿದರೆ ಹೆಚ್ಚು ದಂಡ ಹಾಕುವ ಲೆಕ್ಕ) ಹಾಕಿ ನೋಡಿದೆ, ಅರ್ಧ ಕೆಲಸವಾಯಿತು. ಕೊನೆಗೆ ಒಳಗು, ಅಂಚು, ಹೊರಗು ಎಂದು ಮೂರು ವರ್ಗ ಮಾಡಿ, ಒಳಗನ್ನು ಬೀಜವಾಗಿಟ್ಟು ವಾಟರ್‌ಶೆಡ್ (ಬೀಜಗಳಿಂದ ನೀರು ಹರಡಿದಂತೆ ಬೆಳೆಸಿ, ಎರಡು ಸೇರುವಲ್ಲಿ ಗಡಿ ಹಾಕುವ ವಿಧಾನ) ಹರಿಸಿದೆ. ಅಂಚು ಒಂದು ಪಿಕ್ಸೆಲ್ ಇದ್ದರೆ ತುಂಡಾಗುತ್ತದೆ, ನಾಲ್ಕಾದರೆ ಸಣ್ಣ ಲಿಂಫೊಸೈಟುಗಳನ್ನೇ (ಒಂದು ಬಗೆಯ ಬಿಳಿ ರಕ್ತಕಣ) ನುಂಗುತ್ತದೆ. ನಮ್ಮ 40ಎಕ್ಸ್ ಚಿತ್ರಗಳಿಗೆ ಎರಡು-ಮೂರು ಸರಿಹೋಯಿತು.

ಬೇರೆ ಲ್ಯಾಬಿನ ಸ್ಲೈಡುಗಳು ಹೆಚ್ಚು ಗುಲಾಬಿ. ಮ್ಯಾಸೆಂಕೊ ವಿಧಾನದಲ್ಲಿ ಬಣ್ಣ ಹೊಂದಿಸಲು ಹೋದರೆ ಕೊಬ್ಬೇ ತುಂಬಿದ ಪ್ಯಾಚುಗಳು ನೇರಳೆಯಾಗಿ ಕುಳಿತವು. ಅದನ್ನು ಬಿಟ್ಟು, ತರಬೇತಿಯಲ್ಲೇ ಸ್ಲೈಡಿನ ಎರಡು ಬಣ್ಣಗಳಾದ ಹೆಮಟಾಕ್ಸಿಲಿನ್ (ನೇರಳೆ), ಇಯೋಸಿನ್ (ಗುಲಾಬಿ) ಎರಡನ್ನೂ ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡಿ ಅಲ್ಲಾಡಿಸಿದೆ. ಎಷ್ಟು ಅಲ್ಲಾಡಿಸಿದೆ, ಕಷ್ಟದ ಪ್ಯಾಚುಗಳನ್ನು ಹೇಗೆ ಆರಿಸಿದೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಭಾನುವಾರ ಈರುಳ್ಳಿ ಪೊರೆಗೆ ಅಯೋಡಿನ್ ಹಾಕಿ, ಮೊಬೈಲಿನಲ್ಲಿ ಚಿತ್ರ ತೆಗೆದು ಅದನ್ನೂ ನಮ್ಮ ಯು-ನೆಟ್‌ಗೆ ಉಣಿಸಿದೆ. ಒಂದೂ ಸಿಗಲಿಲ್ಲ. ಚಿತ್ರವನ್ನು ಬೂದು ಮಾಡಿ ನೇರಳೆ ಬಳಿದ ಮೇಲೆ ಹೆಚ್ಚುಕಡಿಮೆ ಎಲ್ಲವನ್ನೂ ಹಿಡಿಯಿತು, ಜೊತೆಗೆ ಒಂದು ಗಾಳಿಗುಳ್ಳೆಯನ್ನೂ.

ಈಗ ಡೈಸ್ 0.81ರ ಆಸುಪಾಸು. ಮೊನ್ನೆ ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಮೇಡಂ 212 ಕೋಶಕೇಂದ್ರ ಎಣಿಸಿದರು, ನಮ್ಮದು 205. ಬಯಾಪ್ಸಿಯಲ್ಲಿ ಜಜ್ಜಿಹೋದ ಲಿಂಫೊಸೈಟುಗಳು ಬಂದರೆ ಮಾತ್ರ ಇಂದಿಗೂ ಇಡೀ ಗುಂಪೇ ಒಂದು ದೈತ್ಯ ಕೇಂದ್ರ. ಅಂಥ ಜಾಗಕ್ಕೆ ಕೈಯಿಂದಲೇ ಗೆರೆ ಸುತ್ತಿ ಎಣಿಕೆಯಿಂದ ಹೊರಗಿಡುತ್ತಿದ್ದೇವೆ.