ಔಟ್‌ಬೋರ್ಡ್ ದೋಣಿಗೆ ಡಿಜಿಟಲ್ ಎಂಜಿನ್ ಗೇಜ್ ಅಳವಡಿಸುವ ಕ್ರಮ

ಮಳೆಗಾಲಕ್ಕೆಂದು ದೋಣಿಯನ್ನು ದಡಕ್ಕೆಳೆದು ಟಾರ್ಪಾಲು ಹೊದೆಸಿಟ್ಟ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ನನ್ನದು ಆರು ಮೀಟರಿಗಿಂತ ತುಸು ಉದ್ದದ ಫೈಬರ್ ದೋಣಿ, ಹಿಂಬದಿಯಲ್ಲಿ ನಾಲ್ಕು ಸ್ಟ್ರೋಕಿನ ಒಂದೇ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್. ವಿಹಾರವೆಲ್ಲ ಉಡುಪಿ ಆಸುಪಾಸಿನ ಹೊಳೆ ಮತ್ತು ಅಳಿವೆಗಳಲ್ಲಿ. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಮರಳು ಕದಡಿದ ನೀರನ್ನೇ ಎಂಜಿನ್ ಹೀರಿಕೊಳ್ಳಬೇಕಾಗುತ್ತದೆ. ಅದರ ಮೇಲೆ ಒಂದು ಪ್ಲಾಸ್ಟಿಕ್ ಚೀಲ ನೀರಿನ ಜಾಲರಿಗೆ ಅಂಟಿಕೊಂಡರೆ ತಂಪು ಮಾಡುವ ನೀರು ನಿಂತು, ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಾದು ಕೆಂಡವಾಗುತ್ತದೆ. ಎಂಜಿನ್ನಿನ ಪಕ್ಕದಿಂದ ಚಿಮ್ಮುವ ತೆಳು ನೀರಿನ ಧಾರೆಯನ್ನು ಆಗಾಗ ತಿರುಗಿ ನೋಡುವುದು ಹಳೆಯ ರೂಢಿ, ಒಳ್ಳೆಯ ರೂಢಿಯೂ ಹೌದು. ಆದರೆ ಚುಕ್ಕಾಣಿ ಹಿಡಿದವನ ಕಣ್ಣು ಹೆಚ್ಚು ಹೊತ್ತು ಮುಂದೆಯೇ ಇರಬೇಕಾದ್ದರಿಂದ ಉಷ್ಣತೆ, ವೋಲ್ಟೇಜ್, ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು), ಇಂಧನದ ಖರ್ಚು ಇವೆಲ್ಲ ಕಣ್ಣೆದುರಿನ ಗೇಜಿನ ಒಂದೇ ಪರದೆಯಲ್ಲಿ ಕಾಣುವುದು ದೊಡ್ಡ ಅನುಕೂಲ.

ಗೇಜ್ ಕೊಳ್ಳುವ ಮೊದಲು ನಿಮ್ಮ ಎಂಜಿನ್ ಯಾವ ಭಾಷೆಯಲ್ಲಿ ಮಾತನಾಡುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಇಂದಿನ ಬಹುತೇಕ ಡಿಜಿಟಲ್ ಗೇಜ್‌ಗಳು ದೋಣಿಯ ಉಪಕರಣಗಳನ್ನು ಒಂದಕ್ಕೊಂದು ಬೆಸೆಯುವ ಎನ್‌ಎಂಇಎ 2000 ಎಂಬ ಜಾಲಕ್ಕೆ ಜೋಡಣೆಯಾಗುತ್ತವೆ. ಇದು ಕಾರುಗಳಲ್ಲಿರುವ ಕ್ಯಾನ್ ಬಸ್ (ಹಲವು ಉಪಕರಣಗಳು ಒಂದೇ ತಂತಿಜೋಡಿಯಲ್ಲಿ ಮಾತನಾಡುವ) ತಂತ್ರವನ್ನೇ ಆಧರಿಸಿದ್ದು, ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ ಮಾಹಿತಿ ಸಾಗಿಸುತ್ತದೆ. ಕೆಲವು ಎಂಜಿನ್‌ಗಳು ಒಂದು ಇಂಟರ್‌ಫೇಸ್ ಕೇಬಲ್ ಹಾಕಿದ ಕೂಡಲೇ ಈ ಜಾಲಕ್ಕೆ ಸೇರಿಕೊಳ್ಳುತ್ತವೆ. ಯಮಾಹಾದ ಕಮಾಂಡ್ ಲಿಂಕ್, ಮರ್ಕ್ಯುರಿಯ ಸ್ಮಾರ್ಟ್‌ಕ್ರಾಫ್ಟ್ ಮುಂತಾದವು ತಮ್ಮದೇ ಭಾಷೆಯವು. ಅಲ್ಲಿ ನಡುವೆ ದುಭಾಷಿಯಂತೆ ಒಂದು ಗೇಟ್‌ವೇ ಬೇಕಾಗುತ್ತದೆ. ಕಂಪ್ಯೂಟರ್ ಇಲ್ಲದ ಹಳೆಯ ಎಂಜಿನ್ ಆಗಿದ್ದರೆ ಅದರ ಸೆಂಡರ್‌ಗಳ (ಉಷ್ಣತೆ, ಇಂಧನಮಟ್ಟ ಮುಂತಾದವನ್ನು ಅಳೆದು ಗೇಜಿಗೆ ಕಳಿಸುವ ಸಂವೇದಕಗಳ) ಸಿಗ್ನಲನ್ನು ಡಿಜಿಟಲ್ ಮಾಡಿ ಕೊಡುವ ಪರಿವರ್ತಕವನ್ನು ಅಳವಡಿಸಬೇಕು. ಹೀಗೆ ಮಾಡುವಾಗ ಹಳೆಯ ಮುಳ್ಳಿನ ಗೇಜ್ ಮತ್ತು ಹೊಸ ಪರಿವರ್ತಕ ಎರಡನ್ನೂ ಒಂದೇ ಸೆಂಡರ್‌ಗೆ ಕಟ್ಟಿದರೆ ಎರಡರ ಓದುವಿಕೆಯೂ ಕೆಡುತ್ತದೆ; ಪರಿವರ್ತಕದ ಕೈಪಿಡಿ ಸ್ಪಷ್ಟವಾಗಿ ಅನುಮತಿಸದ ಹೊರತು ಹಳೆಯದನ್ನು ಬಿಚ್ಚಿಡುವುದೇ ಲೇಸು.

ಜಾಲದ ರಚನೆಯನ್ನು ಮನಸ್ಸಿನಲ್ಲಿ ಸರಿಯಾಗಿ ಕೂರಿಸಿಕೊಳ್ಳದೆ ತಂತಿಗೆ ಕೈ ಹಾಕಬಾರದು, ಏಕೆಂದರೆ ನಾನು ಕಂಡ ಬಹುಪಾಲು ತಪ್ಪುಗಳು ಇಲ್ಲಿಯೇ ಆದವು. ಬೆನ್ನೆಲುಬಿನಂತೆ ಒಂದು ಮುಖ್ಯ ಕೇಬಲ್, ಅದಕ್ಕೆ ಬ್ಯಾಕ್‌ಬೋನ್ ಎಂದೇ ಹೆಸರು. ಅದರ ಮೇಲೆ ಅಲ್ಲಲ್ಲಿ ಟಿ ಆಕಾರದ ಕನೆಕ್ಟರ್‌ಗಳು. ಪ್ರತಿ ಟಿಯಿಂದ ಒಂದೊಂದು ಉಪಕರಣಕ್ಕೆ ಇಳಿಯುವ ಡ್ರಾಪ್ ಕೇಬಲ್. ಬ್ಯಾಕ್‌ಬೋನಿನ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ಟರ್ಮಿನೇಟರ್, ಅಂದರೆ ತುದಿ ಮುಚ್ಚುವ ರೋಧಕ. ಉಪಕರಣದಿಂದ ಉಪಕರಣಕ್ಕೆ ಸರಮಾಲೆಯಂತೆ ಪೋಣಿಸುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಸಣ್ಣ ದೋಣಿಯಲ್ಲಿ ಮೂರು ನಾಲ್ಕು ಟಿಗಳನ್ನು ಒಂದಕ್ಕೊಂದು ನೇರವಾಗಿ ಸೇರಿಸಿ ಡ್ಯಾಶಿನ ಹಿಂದೆ ಗಟ್ಟಿಯಾಗಿ ಕೂರಿಸಿ, ಎರಡು ಬದಿಗೆ ಟರ್ಮಿನೇಟರ್ ತಿರುಗಿಸಿಬಿಟ್ಟರೆ ಅದೇ ಬ್ಯಾಕ್‌ಬೋನ್ ಆಗುತ್ತದೆ.

ಆದರೆ ಇಲ್ಲೊಂದು ಅಳತೆಯ ತೊಡಕಿದೆ. ಒಂದು ಡ್ರಾಪ್ ಕೇಬಲ್ ಆರು ಮೀಟರಿಗಿಂತ ಉದ್ದವಿರಬಾರದು. ದೋಣಿಯೇ ಆರು ಮೀಟರ್ ಇರುವಾಗ ಎಂಜಿನ್ ದೂರವೆಲ್ಲಿ ಬಂತು ಎಂದು ತೋರುತ್ತದೆ; ಕೇಬಲ್ ಡ್ಯಾಶಿನಿಂದ ಕೆಳಗಿಳಿದು, ಅಂಚಿನ ಒಳಗೆ ಸಾಗಿ, ಹಿಂಬದಿಯಲ್ಲಿ ಸುತ್ತು ಹಾಕಿ ಎಂಜಿನ್ನಿನ ಮುಚ್ಚಳದೊಳಗೆ ಹೋಗುವ ದಾರಿಯನ್ನು ನೂಲು ಹಿಡಿದು ಅಳೆದಾಗ ನನ್ನ ದೋಣಿಯಲ್ಲಿ ಏಳು ಮೀಟರಿಗೂ ಮೀರಿತು. ಹಾಗಾದಾಗ ಉದ್ದನೆಯ ಡ್ರಾಪ್ ಎಳೆಯದೆ ಬ್ಯಾಕ್‌ಬೋನನ್ನೇ ಹಿಂಬದಿಯವರೆಗೆ ಒಯ್ದು, ಅಲ್ಲಿ ಒಂದು ಟಿ ಮತ್ತು ಟರ್ಮಿನೇಟರ್ ಇಟ್ಟು, ಎಂಜಿನ್‌ಗೆ ಚಿಕ್ಕ ಡ್ರಾಪ್ ಕೊಡಬೇಕು. ಆದ್ದರಿಂದ ಕೇಬಲ್ ಕೊಳ್ಳುವ ಮೊದಲೇ ನೂಲಿನಿಂದ ಅಳೆದಿರಿ.

ಗೇಜ್ ಕೂರುವ ಜಾಗವನ್ನು ಚುಕ್ಕಾಣಿ ಹಿಡಿದು ನಿಂತು ನೋಡಿ ನಿಶ್ಚಯಿಸಬೇಕು, ಕುಳಿತು ಅಲ್ಲ. ದಿಕ್ಸೂಚಿ ಇದ್ದರೆ ಕೈಪಿಡಿ ಹೇಳಿದಷ್ಟು ಅಂತರ ಬಿಡಬೇಕು. ಚಿಕ್ಕ ದುಂಡು ಗೇಜ್‌ಗಳಿಗೆ ಸಾಮಾನ್ಯವಾಗಿ 52 ಮಿ.ಮೀ. ರಂಧ್ರ ಸಾಕು, ಚೌಕಾಕಾರದ ಪರದೆಗೆ ಪೆಟ್ಟಿಗೆಯಲ್ಲಿ ಬಂದ ಕಾಗದದ ಅಚ್ಚನ್ನೇ ಅಂಟಿಸಿ ಗುರುತು ಮಾಡಿಕೊಳ್ಳಿ. ಡ್ಯಾಶಿನ ಹಿಂದೆ ಕೈ ಹಾಕಿ ತಂತಿ, ಸ್ಟೀರಿಂಗ್ ಕೇಬಲ್ ಏನೂ ಅಡ್ಡ ಇಲ್ಲವೆಂದು ತಡವಿ ನೋಡಿದ ಮೇಲೆಯೇ ಡ್ರಿಲ್ ಎತ್ತಬೇಕು. ಮೇಲ್ಮೈಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಹೋಲ್ ಸಾವನ್ನು (ಡ್ರಿಲ್ಲಿಗೆ ಹಾಕುವ ದುಂಡು ಗರಗಸ) ಮೊದಲು ಹಿಮ್ಮುಖವಾಗಿ ತಿರುಗಿಸಿ ಹೊಳಪಿನ ಪದರವನ್ನು ಗೀರಿ, ನಂತರ ಮುಂದಕ್ಕೆ ತಿರುಗಿಸಿ ಕೊರೆದರೆ ಅಂಚು ಚಕ್ಕೆ ಏಳುವುದಿಲ್ಲ. ಫೈಬರಿನ ಧೂಳು ಶ್ವಾಸಕ್ಕೂ ಚರ್ಮಕ್ಕೂ ಕೆಟ್ಟದ್ದು, ಮುಖಗವಸು ಮತ್ತು ಕನ್ನಡಕ ಇರಲಿ.

ವಿದ್ಯುತ್ತಿನ ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಿ. ಜಾಲಕ್ಕೆ 12 ವೋಲ್ಟಿನ ಪೂರೈಕೆ ಒಂದೇ ಕಡೆಯಿಂದ ಬರಬೇಕು. ಅದಕ್ಕೆ ತನ್ನದೇ ಸ್ವಿಚ್, ತನ್ನದೇ ಫ್ಯೂಸ್, ಮತ್ತು ಆ ಫ್ಯೂಸ್ ಬ್ಯಾಟರಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ. ಕೆಲವು ಎಂಜಿನ್ ಕೇಬಲ್‌ಗಳು ಕೀ ತಿರುಗಿಸಿದಾಗ ತಾವೇ ಜಾಲಕ್ಕೆ ವಿದ್ಯುತ್ ಕೊಡುತ್ತವೆ. ಅಂಥ ಕೇಬಲ್ ಇದ್ದರೆ ಎರಡನೆಯ ಪೂರೈಕೆಯನ್ನು ಸೇರಿಸಬಾರದು. ಕೇಬಲ್ಲಿನ ಹೊದಿಕೆಯ (ಶೀಲ್ಡ್) ತಂತಿಯನ್ನು ಪೂರೈಕೆಯ ಸ್ಥಳದಲ್ಲಿ ಮಾತ್ರ ನೆಗೆಟಿವ್‌ಗೆ ಕಟ್ಟಬೇಕು, ಉಳಿದೆಡೆ ಮುಟ್ಟಬಾರದು. ಉಪ್ಪುಗಾಳಿಯ ಊರಿನಲ್ಲಿ ಸಾದಾ ತಾಮ್ರದ ತಂತಿ ಎರಡು ಮಳೆಗಾಲದೊಳಗೆ ಹಸಿರು ಬಿಡುತ್ತದೆ. ತವರ ಲೇಪಿಸಿದ ಮರೀನ್ ತಂತಿಯನ್ನೇ ಬಳಸಿ, ಸರಿಯಾದ ಕ್ರಿಂಪ್ ಉಪಕರಣದಿಂದ ಲಗ್ (ತಂತಿಯ ತುದಿಯ ಲೋಹದ ಕೊಂಡಿ) ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಕಾಯಿಸಿದರೆ ಕುಗ್ಗುವ ಕೊಳವೆ) ಹಾಕಿ ಮುಚ್ಚಬೇಕು. ಇಕ್ಕಳದಿಂದ ಒತ್ತಿದ ಲಗ್ ನೋಡಲು ಗಟ್ಟಿಯಾಗಿಯೇ ಇರುತ್ತದೆ, ಆದರೆ ಎಂಜಿನ್ನಿನ ಕಂಪನಕ್ಕೆ ನಿಧಾನವಾಗಿ ಸಡಿಲಗೊಳ್ಳುತ್ತದೆ.

ಹಿಂಬದಿಗೆ ಎಳೆದ ಕೇಬಲ್ ಅರ್ಧ ಮೀಟರಿಗೊಮ್ಮೆಯಾದರೂ ಕಟ್ಟಿನಲ್ಲಿ ಕೂತಿರಬೇಕು, ಇಂಧನದ ಪೈಪಿಗೆ ಉಜ್ಜಬಾರದು. ಎಂಜಿನ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿದಾಗಲೂ ಮೇಲಕ್ಕೆ ಎತ್ತಿದಾಗಲೂ ಕೇಬಲ್ ಬಿಗಿಯದಷ್ಟು ಸಡಿಲು ಬಿಟ್ಟು, ಮೂರೂ ಸ್ಥಿತಿಗಳನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಕನೆಕ್ಟರಿಗೆ ಸೇರುವ ಮೊದಲು ಕೇಬಲ್ ಒಮ್ಮೆ ಕೆಳಗಿಳಿದು ಮೇಲೇರಿದರೆ, ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇನ್ನು ನಾನು ಎಲ್ಲರಿಗೂ ಒತ್ತಾಯಿಸಿ ಹೇಳುವ ಒಂದು ಪರೀಕ್ಷೆ. ನಾನು ಕೊಂಡ ಕಿಟ್ಟಿನಲ್ಲಿ ಟರ್ಮಿನೇಟರ್ ಒಂದೇ ಇತ್ತು, ಚಿಕ್ಕ ಜಾಲಕ್ಕೆ ಒಂದು ಸಾಕೆಂದು ಅಂಗಡಿಯಾತ ಹೇಳಿದ. ಅಂಗಳದಲ್ಲಿ ಗೇಜ್ ಚೆನ್ನಾಗಿಯೇ ಓಡಿತು. ಹೊಳೆಗಿಳಿದು ವೇಗ ಹೆಚ್ಚಿಸಿದಾಗ ಮಾತ್ರ ಅಂಕಿಗಳು ಮಾಯವಾಗಿ ಬರಿಯ ಗೆರೆಗಳು ಕಾಣತೊಡಗಿದವು. ಮೂರು ಭಾನುವಾರ ಎಂಜಿನ್ನನ್ನೇ ದೂರಿದೆ. ಕಾರಣ ತಿಳಿದದ್ದು ಮಲ್ಟಿಮೀಟರಿನಿಂದ. ಜಾಲದ ವಿದ್ಯುತ್ ಪೂರ್ತಿ ಆರಿಸಿ, ಖಾಲಿ ಟಿಯೊಂದರಲ್ಲಿ ಬಿಳಿ ತಂತಿಯ ಪಿನ್ ಮತ್ತು ನೀಲಿ ತಂತಿಯ ಪಿನ್, ಅಂದರೆ 4 ಮತ್ತು 5ನೆಯ ಪಿನ್‌ಗಳ ನಡುವೆ ರೋಧ ಅಳೆಯಿರಿ. ಸುಮಾರು 60 ಓಮ್ ಬಂದರೆ ಎರಡೂ ಟರ್ಮಿನೇಟರ್ ಇವೆ, ಬ್ಯಾಕ್‌ಬೋನ್ ತುಂಡಾಗಿಲ್ಲ. 120 ಬಂದರೆ ಒಂದು ಇಲ್ಲ ಅಥವಾ ನಡುವೆ ಎಲ್ಲೋ ಬಿಟ್ಟಿದೆ. 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಎರಡು ನಿಮಿಷದ ಕೆಲಸ.

ಎಲ್ಲ ಸರಿಯಿದ್ದರೆ ಬ್ಯಾಟರಿ ಜೋಡಿಸಿ, ಜಾಲಕ್ಕೆ ವಿದ್ಯುತ್ ಕೊಟ್ಟು, ಕೀ ತಿರುಗಿಸಿ ಗೇಜ್ ಎಂಜಿನ್ನನ್ನು ಗುರುತಿಸುತ್ತದೆಯೇ ನೋಡಿ. ಒಂದೇ ಎಂಜಿನ್ ಇದ್ದರೆ ಅದರ ಇನ್‌ಸ್ಟೆನ್ಸ್ ಸಂಖ್ಯೆ (ಜಾಲದಲ್ಲಿ ಎಂಜಿನ್ನನ್ನು ಗುರುತಿಸುವ ಕ್ರಮಸಂಖ್ಯೆ) 0 ಇರಬೇಕು. ಪರದೆ ಖಾಲಿ ತೋರಿಸಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಪರಿವರ್ತಕ ಬಳಸಿದವರು ಆರ್‌ಪಿಎಂ ಗಣನೆಯನ್ನೂ ಹೊಂದಿಸಬೇಕು: ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನಲ್ಲಿ 12 ಧ್ರುವಗಳಿದ್ದರೆ ಒಂದು ಸುತ್ತಿಗೆ ಆರು ಮಿಡಿತ, ಆರು ಧ್ರುವಗಳಿದ್ದರೆ ಮೂರು, ಇದು ತಪ್ಪಿದರೆ ಗೇಜ್ ಇಮ್ಮಡಿ ಅಥವಾ ಅರ್ಧ ತೋರಿಸುತ್ತದೆ. ಟ್ಯಾಂಕಿನ ಸೆಂಡರ್ ಅಮೆರಿಕನ್ ಮಾದರಿಯದಾದರೆ ಖಾಲಿಗೆ 240 ಓಮ್, ತುಂಬಿದಾಗ 33 ಓಮ್. ಯುರೋಪಿನದಾದರೆ ಇದರ ತಿರುವುಮುರುವು: ಖಾಲಿಗೆ ಹೆಚ್ಚೂಕಡಿಮೆ 10, ತುಂಬಿದಾಗ 180. ದೋಣಿಯ ಟ್ಯಾಂಕ್ ತಳದಲ್ಲಿ ಕಿರಿದಾಗಿರುವುದು ಸಾಮಾನ್ಯವಾದ್ದರಿಂದ ಅರ್ಧ ಎಂದು ತೋರಿಸಿದಾಗ ಒಳಗೆ ಅರ್ಧ ಇರುವುದಿಲ್ಲ. ಖಾಲಿ ಟ್ಯಾಂಕಿಗೆ ಅಳೆದು ಪೆಟ್ರೋಲ್ ಸುರಿಯುತ್ತಾ ಕಾಲು, ಅರ್ಧ, ಮುಕ್ಕಾಲು ಬಿಂದುಗಳನ್ನು ಗೇಜಿಗೆ ಕಲಿಸಿಕೊಡಿ. ಸುರಿಯುವಾಗ ಎಂಜಿನ್ ಆರಿರಲಿ, ಹೊಗೆಬತ್ತಿ ಹಚ್ಚಿದವರು ದೂರ ನಿಲ್ಲಲಿ.

ದಡದಲ್ಲಿ ಎಂಜಿನ್ ಚಾಲೂ ಮಾಡಬೇಕಾದರೆ ನೀರಿನ ಜಾಲರಿಗೆ ಹೋಸಿನ ಮಫ್ (ಪೈಪಿನ ನೀರನ್ನು ಜಾಲರಿಗೆ ಒತ್ತಿ ಹಿಡಿಯುವ ರಬ್ಬರ್ ಬಟ್ಟಲು) ಹಾಕಿ ನಲ್ಲಿ ತಿರುಗಿಸಿದ ಮೇಲೆಯೇ ಮಾಡಬೇಕು. ಒಣಗಿದ ಪಂಪಿನ ರಬ್ಬರ್ ಚಕ್ರ ಕ್ಷಣಗಳಲ್ಲಿ ಹಾಳಾಗುತ್ತದೆ. ಅಲಾರಂಗಳನ್ನು ಮೊದಲ ದಿನವೇ ಅಂದಾಜಿನ ಮೇಲೆ ಹೊಂದಿಸಬೇಡಿ. ಸಮುದ್ರದ ನೀರಿನಿಂದಲೇ ತಂಪಾಗುವ ಎಂಜಿನ್ ಕಾರಿಗಿಂತ ಕಡಿಮೆ ಉಷ್ಣತೆಯಲ್ಲಿ ಓಡುವಂತೆ ರೂಪುಗೊಂಡಿರುತ್ತದೆ, ಹಾಗಾಗಿ ಕಾರಿನ ಲೆಕ್ಕದಲ್ಲಿ ಮಿತಿ ಇಟ್ಟರೆ ಅಲಾರಂ ಕೂಗುವಷ್ಟರಲ್ಲಿ ಅನಾಹುತ ಆಗಿರುತ್ತದೆ. ಮೊದಲ ಮೂರು ನಾಲ್ಕು ಓಡಾಟಗಳಲ್ಲಿ ನಿಷ್ಕ್ರಿಯ ವೇಗ, ನಡುವೇಗ, ಪೂರ್ಣ ವೇಗ ಈ ಮೂರರಲ್ಲಿಯೂ ಉಷ್ಣತೆ ಮತ್ತು ವೋಲ್ಟೇಜನ್ನು ಪುಸ್ತಕದಲ್ಲಿ ಬರೆದಿಡಿ. ಚಾರ್ಜ್ ಆಗುತ್ತಿರುವ ಎಂಜಿನ್ನಿನಲ್ಲಿ ವೋಲ್ಟೇಜ್ 13.5ರಿಂದ 14.5ರ ನಡುವೆ ಇರುತ್ತದೆ. ಬರೆದಿಟ್ಟ ಆ ಅಂಕಿಗಳು ನಿಮ್ಮ ಎಂಜಿನ್ನಿನ ಸಹಜ ನಡೆ. ಅವುಗಳಿಗಿಂತ ಕೆಲವೇ ಡಿಗ್ರಿ ಮೇಲೆ ಉಷ್ಣತೆಯ ಅಲಾರಂ, 12 ವೋಲ್ಟಿನ ಆಸುಪಾಸಿನಲ್ಲಿ ಬ್ಯಾಟರಿಯ ಅಲಾರಂ ಹೊಂದಿಸಿ. ಐದಾರು ಗಂಟೆ ಓಡಿದ ಬಳಿಕ ಡ್ಯಾಶಿನ ಹಿಂದೆ ಟಾರ್ಚ್ ಬಿಟ್ಟು ಪ್ರತಿ ಟಿಯ ತಿರುಪನ್ನೂ ಬೆರಳಲ್ಲೇ ಮತ್ತೊಮ್ಮೆ ಬಿಗಿಮಾಡಿ. ನನ್ನ ದೋಣಿಯಲ್ಲಿ ಎರಡು ಸಡಿಲವಾಗಿದ್ದವು.